ಕಾಡ್ಗಿಚ್ಚಿನ ಸಾಫ್ಟ್‌ವೇರ್ ಅಡ್ಮಿನ್‌ಗೆ ಅಷ್ಟೆಲ್ಲಾ ತರಬೇತಿ ಯಾಕೆ?

ಪ್ರಶ್ನೆ: ಅಮೆರಿಕದಲ್ಲಿ ಕಾಡ್ಗಿಚ್ಚಿಗೆ ಯಾವ ಗಾಡಿ, ಯಾವ ತಂಡ ಎಲ್ಲಿದೆ ಅಂತ ನೋಡಿಕೊಳ್ಳಲು ಒಂದು ಸಾಫ್ಟ್‌ವೇರ್ ಇದೆಯಂತೆ. ಬೆಂಕಿ ಆರಿಸುವವರಿಗೆ ತರಬೇತಿ ಬೇಕು, ಒಪ್ಪಿದೆ. ಆಫೀಸಿನಲ್ಲಿ ಕೂತು ಅದನ್ನು ನಡೆಸುವ ಅಡ್ಮಿನ್‌ಗೂ ಯಾಕೆ? ಯಾವ ಬಟನ್ ಎಲ್ಲಿದೆ ಅಂತ ತೋರಿಸಿದರೆ ಸಾಲದಾ?

ಉತ್ತರ: ಸಾಲದು. ಬಟನ್ ಕಲಿಯೋದು ಕಷ್ಟವೇ ಅಲ್ಲ. ಅದನ್ನು ಒತ್ತುವ ಮುಂಚೆ ಏನು ಗೊತ್ತಿರಬೇಕು ಅನ್ನೋದರಲ್ಲೇ ಕಷ್ಟ ಇರೋದು.

ನೀವು ಕೇಳಿದ್ದು ಐರಾಕ್ (IROC) ಎಂಬ ಸಾಫ್ಟ್‌ವೇರ್ ಬಗ್ಗೆ. ರಾಸ್ ಎಂಬ ಹಳೆಯ ವ್ಯವಸ್ಥೆಯ ಜಾಗಕ್ಕೆ ಇದು 2020ರಲ್ಲಿ ಬಂತು. ಬೆಂಕಿ ಬಿದ್ದ ಕಡೆಯಿಂದ ಬೇಡಿಕೆ ಮೊದಲು ಸ್ಥಳೀಯ ಡಿಸ್ಪ್ಯಾಚ್ ಕೇಂದ್ರಕ್ಕೆ, ಅಂದರೆ ಗಾಡಿ, ತಂಡ ಕಳಿಸುವ ಕಚೇರಿಗೆ ಬರುತ್ತದೆ. ಅಲ್ಲಿ ಸಿಗದಿದ್ದರೆ ಆ ವಲಯದ ಕೇಂದ್ರಕ್ಕೆ. ಇಂಥ ವಲಯಗಳು 10 ಇವೆ. ಅಲ್ಲೂ ಇಲ್ಲ ಅಂದರೆ ಐಡಾಹೊ ರಾಜ್ಯದ ಬಾಯ್ಸಿಯಲ್ಲಿರುವ ರಾಷ್ಟ್ರೀಯ ಕೇಂದ್ರಕ್ಕೆ. ನೂರಾರು ಮೈಲಿ ದೂರ ಕೂತವರಿಗೆ ಗಾಡಿ ಕಾಣಿಸೋದಿಲ್ಲ, ಪರದೆ ಕಾಣಿಸುತ್ತದೆ. ಪರದೆಯಲ್ಲಿ ತಪ್ಪಿದ್ದರೆ ಹೊರಡುವುದೂ ತಪ್ಪು ಗಾಡಿಯೇ.

ಅಲ್ಲಿ ನೀರು ಹೊತ್ತು ಬೆಂಕಿ ಆರಿಸುವ ಗಾಡಿಗೆ ಎಂಜಿನ್ ಅಂತಾರೆ, ಟೈಪ್ 1ರಿಂದ 7ರವರೆಗೆ. ಟೈಪ್ 1 ಅಂದರೆ ಎಲ್ಲದಕ್ಕಿಂತ ಒಳ್ಳೆಯದು ಅಂದುಕೊಂಡರೆ ಕೆಟ್ಟಿರಿ. ಅದು ಪೇಟೆಯಲ್ಲಿ ಕಟ್ಟಡ ಉಳಿಸುವ ದೊಡ್ಡ ಗಾಡಿ. ಕಾಡಿನ ಕಚ್ಚಾ ರಸ್ತೆಗೆ ಹೆಚ್ಚಾಗಿ ಕರೆಯೋದು ಟೈಪ್ 3, ಟೈಪ್ 6. ಟೈಪ್ 3ರ ಟ್ಯಾಂಕಿನಲ್ಲಿ ಕನಿಷ್ಠ 500 ಗ್ಯಾಲನ್, ಅಂದರೆ ಸುಮಾರು 1,900 ಲೀಟರ್ ಹಿಡಿಯಬೇಕು. ಟೈಪ್ 6ಕ್ಕೆ 150 ಗ್ಯಾಲನ್ ಸಾಕು. ಟೈಪ್ 6ರ ಗಾಡಿಯನ್ನು ಅಡ್ಮಿನ್ ಟೈಪ್ 3 ಅಂತ ಸೇರಿಸಿಬಿಟ್ಟರೆ? ರಾತ್ರಿಯಿಡೀ ಓಡಿಸಿಕೊಂಡು ಹೋದ ಮೇಲೆ, ಬೆಟ್ಟದ ಬುಡದಲ್ಲಿ ಅದು ಬಯಲಾಗುತ್ತದೆ.

ಜನರ ವಿಷಯ ಇನ್ನೂ ಸೂಕ್ಷ್ಮ. ಬೆಂಕಿಯ ಮುಂದೆ ನಿಲ್ಲುವವರು ಪ್ರತಿ ವರ್ಷ ಒಂದು ಪರೀಕ್ಷೆ ಪಾಸಾಗಬೇಕು: ಬೆನ್ನ ಮೇಲೆ 45 ಪೌಂಡ್ ಹೊರೆ, 3 ಮೈಲಿ ನಡಿಗೆ, 45 ನಿಮಿಷ. ಓಡುವ ಹಾಗಿಲ್ಲ. ಈ ವರ್ಷ ಪಾಸಾಗದವರು ಅರ್ಹರ ಪಟ್ಟಿಯಲ್ಲಿ ಉಳಿಯಬಾರದು. ಹಾಗೆಯೇ ಒಂದು ಬೆಂಕಿಗೆ ಕಳಿಸಿದವರ ಪಾಳಿ ಸಾಮಾನ್ಯವಾಗಿ 14 ದಿನ, ಪ್ರಯಾಣ ಬಿಟ್ಟು. ವಾಪಸ್ ಬಂದವರಿಗೆ ಕಡ್ಡಾಯ ರಜೆ. ರಜೆಯಲ್ಲಿರುವವರ ಹೆಸರಿನ ಮುಂದೆ ‘ಲಭ್ಯ’ ಅಂತ ಇದ್ದರೆ ಫೋನ್ ಬರೋದು ಗ್ಯಾರಂಟಿ. ಸುಸ್ತಾದವರೇ ಮತ್ತೆ ಹೊರಟುಬಿಟ್ಟರೆ ಅಪಾಯ ಅಲ್ವಾ?

(ಇದು ಉಪಗ್ರಹದಿಂದ ಬೆಂಕಿ ಪತ್ತೆ ಮಾಡುವ ವ್ಯವಸ್ಥೆ ಅಲ್ಲ. ನಮ್ಮಲ್ಲಿ ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷೆ ಸಂಸ್ಥೆಯಿಂದ ಅರಣ್ಯ ಸಿಬ್ಬಂದಿಗೆ ಬರುವ ಎಸ್‌ಎಂಎಸ್ ಆ ಜಾತಿಯದು. ಬೆಂಕಿ ಎಲ್ಲಿ ಅಂತ ಅದು ಹೇಳುತ್ತದೆ. ಯಾರು ಹೋಗಬೇಕು ಅನ್ನೋದು ಐರಾಕ್‌ನ ತಲೆನೋವು.)

ಹಾಗಾದರೆ ಹೇಗೆ ಕಲಿಸಬೇಕು? ಮೆನು ಒಂದೊಂದಾಗಿ ತೋರಿಸುವ ಕ್ಲಾಸು ನನ್ನ ಮಟ್ಟಿಗೆ ಸುಮ್ನೆ ಟೈಮ್ ವೇಸ್ಟ್. ಅಭ್ಯಾಸಕ್ಕೆಂದೇ ಬೇರೆ ಸೈಟ್ ಇರುತ್ತದೆ, ಅಸಲಿ ಡೇಟಾ ಮುಟ್ಟಬೇಕಾಗಿಲ್ಲ. ಅಲ್ಲಿ ಒಂದು ಸುಳ್ಳು ಬೆಂಕಿ ಹುಟ್ಟಿಸಿ, ಒಂದೇ ಒಂದು ಎಂಜಿನ್ ಬೇಡಿಕೆಯನ್ನು ಕೊನೆತನಕ ಹಿಂಬಾಲಿಸಲಿ. ಬೇಡಿಕೆ ಬಂತು, ಗಾಡಿ ನಿಗದಿಯಾಯಿತು, ಹೊರಟಿತು, ತಲುಪಿತು, ಬಿಡುಗಡೆಯಾಯಿತು, ಮನೆ ಸೇರಿತು. ಕೊನೆಯ ಎರಡನ್ನು ಮರೆಯೋದು ಬಹಳ ಸುಲಭ, ಆ ಹೊತ್ತಿಗೆ ಎಲ್ಲರ ಗಮನ ಮುಂದಿನ ಬೆಂಕಿಯ ಮೇಲಿರುತ್ತದೆ. ಮರೆತರೆ ಗಾಡಿ ಶೆಡ್ಡಿನಲ್ಲಿ ನಿಂತಿದ್ದರೂ ಪರದೆಯಲ್ಲಿ ಇನ್ನೂ ಬೆಂಕಿಯ ಬಳಿಯೇ ಇರುತ್ತದೆ. ದೇಶದ ಸನ್ನದ್ಧತೆಯ ಮಟ್ಟ ಎಲ್ಲಕ್ಕಿಂತ ಮೇಲಿನ 5ಕ್ಕೆ ಏರಿ, ಒಂದೊಂದು ಗಾಡಿಗೂ ಕಿತ್ತಾಟ ನಡೆಯುವಾಗ ಇದು ಸಣ್ಣ ತಪ್ಪಲ್ಲ.

ಯಾರ ಲಾಗಿನ್‌ಗೆ ಎಷ್ಟು ಅಧಿಕಾರ ಅನ್ನೋದನ್ನೂ ಅಡ್ಮಿನ್ ಕಲಿಯಬೇಕು. ಎಲ್ಲರಿಗೂ ಎಲ್ಲಾ ಅಧಿಕಾರ ಕೊಟ್ಟರೆ ಕೆಲಸ ಬೇಗ ಆಗುತ್ತದೆ, ಆದರೆ ಯಾರೋ ಎಲ್ಲಿಂದಲೋ ಸ್ಟೇಟಸ್ ಬದಲಾಯಿಸಿದರೆ ಹುಡುಕೋದು ಕಷ್ಟ. ಕೆಲಸ ಬಿಟ್ಟವರ, ನಿವೃತ್ತರಾದವರ ಖಾತೆಗಳನ್ನು ಚಳಿಗಾಲದಲ್ಲೇ ಮುಚ್ಚುವುದು ಒಳ್ಳೆಯದು. ತರಬೇತಿಗೂ ಅದೇ ಸರಿಯಾದ ಸಮಯ. ಜುಲೈ ಬಂದರೆ ಅಲ್ಲಿ ಕಾಡ್ಗಿಚ್ಚಿನ ಕಾಲ, ಕಲಿಸುವವರೇ ಕೈಗೆ ಸಿಗೋದಿಲ್ಲ.