ಟಾಕಿ ಬಂದೊಡನೆ ಸುಲೋಚನಾ ಮೂಲೆಗುಂಪಾದರೇ?

ಪ್ರಶ್ನೆ: ಮೂಕಿ ಚಿತ್ರಗಳ ತಾರೆ ಸುಲೋಚನಾ ಅವರಿಗೆ ಹಿಂದಿ ಬಾರದಿದ್ದುದರಿಂದ, ಟಾಕಿ ಬಂದೊಡನೆ ಅವರ ವೃತ್ತಿಜೀವನವೇ ಮುಗಿಯಿತಂತೆ. ನಿಜವೇ?

ನಿಜವಲ್ಲ. ಈ ಪ್ರಶ್ನೆಗೆ ಹಿಂದೆಯೂ ಹಲವು ಬಾರಿ ಉತ್ತರಿಸಿದ್ದೇನೆ. ಆದರೂ ಅದೇ ಕಥೆ ಮತ್ತೆ ಮತ್ತೆ ಮರಳಿ ಬರುತ್ತಿರುವುದರಿಂದ ಈ ಸಲ ಚಿತ್ರಗಳ ಹೆಸರನ್ನೂ ಇಸವಿಗಳನ್ನೂ ಮುಂದಿಟ್ಟೇ ಮಾತನಾಡುತ್ತೇನೆ.

ಸುಲೋಚನಾ ಅವರ ನಿಜನಾಮ ರೂಬಿ ಮೈಯರ್ಸ್. 1907ರಲ್ಲಿ ಪುಣೆಯ ಯೆಹೂದಿ ಕುಟುಂಬದಲ್ಲಿ ಹುಟ್ಟಿದ ಅವರು ಟೆಲಿಫೋನ್ ಆಪರೇಟರ್ ಆಗಿದ್ದವರು. ಕೊಹಿನೂರ್ ಫಿಲ್ಮ್ ಕಂಪನಿಯಲ್ಲಿದ್ದ ಮೋಹನ್ ಭವನಾನಿ ಅವರನ್ನು ಚಿತ್ರರಂಗಕ್ಕೆ ಕರೆತಂದರು. ‘ಟೈಪಿಸ್ಟ್ ಗರ್ಲ್’ (1926), ಎಂಟು ಪಾತ್ರಗಳಲ್ಲಿ ಅವರೊಬ್ಬರೇ ಕಾಣಿಸಿಕೊಂಡ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ (1927), ಇಂಪೀರಿಯಲ್ ಕಂಪನಿಯ ‘ಅನಾರ್ಕಲಿ’ (1928) ಅವರನ್ನು ಆ ಕಾಲದ ಅತಿ ದೊಡ್ಡ ತಾರೆಯರ ಸಾಲಿಗೆ ಸೇರಿಸಿದವು.

ಮೇಲಿನ ಕಥೆ ಹುಟ್ಟಲು ಕಾರಣವಿಲ್ಲದಿಲ್ಲ. 1931ರಲ್ಲಿ ಭಾರತದ ಮೊದಲ ಟಾಕಿ ‘ಆಲಂ ಆರಾ’ವನ್ನು ತಯಾರಿಸಿದ್ದು ಅದೇ ಇಂಪೀರಿಯಲ್ ಕಂಪನಿ, ನಾಯಕಿಯಾದದ್ದು ಮಾತ್ರ ಜುಬೇದಾ. ಸುಲೋಚನಾ ಅವರಿಗೆ ಹಿಂದೂಸ್ತಾನಿ ಸರಾಗವಾಗಿ ಬರುತ್ತಿರಲಿಲ್ಲ ಎಂಬುದೂ ಸತ್ಯವೇ. ಕಥೆ ಹೇಳುವವರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಸುಲೋಚನಾ ಬಿಡುವು ಪಡೆದು ಭಾಷೆ ಕಲಿತರು ಎಂಬುದನ್ನಾಗಲಿ, 1932ರಲ್ಲಿ ತಮ್ಮದೇ ಮೂಕಿ ಚಿತ್ರ ‘ಮಾಧುರಿ’ಯ ಟಾಕಿ ರೂಪದಲ್ಲಿ ನಟಿಸಿ ಗೆದ್ದರು ಎಂಬುದನ್ನಾಗಲಿ ಯಾರೂ ಹೇಳುವುದಿಲ್ಲ. ಮುಂದೆ ‘ಇಂದಿರಾ ಬಿ.ಎ.’ ಎಂಬ ಮೂಕಿಯು 1934ರಲ್ಲಿ ‘ಇಂದಿರಾ ಎಂ.ಎ.’ ಆಯಿತು, 1935ರಲ್ಲಿ ‘ಅನಾರ್ಕಲಿ’ ಮಾತನಾಡಿತು, 1936ರಲ್ಲಿ ‘ವೈಲ್ಡ್‌ಕ್ಯಾಟ್’ ಕೂಡ ‘ಬಂಬೈ ಕಿ ಬಿಲ್ಲಿ’ಯಾಗಿ ಮರಳಿತು. ಟಾಕಿ ಬಂದು ಐದು ವರ್ಷಗಳಾದ ಮೇಲೂ ಒಬ್ಬ ನಟಿಯ ಹಳೆಯ ಯಶಸ್ಸುಗಳನ್ನು ಒಂದೊಂದಾಗಿ ಆಕೆಯಿಂದಲೇ ಮತ್ತೆ ಮಾಡಿಸಿದರೆಂದರೆ, ಆ ಮುಖಕ್ಕೂ ಆ ದನಿಗೂ ಜನ ದುಡ್ಡು ಕೊಟ್ಟು ಬರುತ್ತಿದ್ದರು ಎಂದೇ ಅರ್ಥ. ದಯವಿಟ್ಟು ಇದನ್ನು ನೆನಪಿಡಿ.

ಅವರ ಇಳಿಗಾಲ ಆರಂಭವಾದದ್ದು ಮೂವತ್ತರ ದಶಕದ ಕೊನೆಯಲ್ಲಿ, ಇಂಪೀರಿಯಲ್ ಬಾಗಿಲು ಮುಚ್ಚಿ, ಹಾಡಬಲ್ಲ ಹೊಸ ನಾಯಕಿಯರು ಮುಂದೆ ಬಂದಾಗ. ಅನಂತರವೂ ಅವರು ಪೋಷಕ ಪಾತ್ರಗಳಲ್ಲಿ ದುಡಿದರು. 1953ರ ‘ಅನಾರ್ಕಲಿ’ಯಲ್ಲಿ ಅವರದು ಸಲೀಮನ ತಾಯಿಯ ಪಾತ್ರ. ಒಂದೇ ಕಥೆಯ ಮೂರು ಚಿತ್ರಗಳಲ್ಲಿ ಹೀಗೆ ಕಾಣಿಸಿಕೊಂಡ ನಟಿಯನ್ನು ‘ಮೂಕಿಯೊಂದಿಗೆ ಮುಗಿದವರು’ ಎನ್ನುವುದು ಅನ್ಯಾಯ. 1973ರ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. 1983ರಲ್ಲಿ ಅವರು ತೀರಿಕೊಂಡರು.

ಇಷ್ಟು ಬರೆದ ಮೇಲೆ, ಭವನಾನಿಯವರ ಹೆಸರು ಬಂದುದರಿಂದ, ಯಾರೂ ಕೇಳದ ಇನ್ನೊಂದು ಸಂಗತಿಯನ್ನು ಹೇಳದೆ ಇರಲಾರೆ. ಶೂದ್ರಕನ ನಾಟಕವನ್ನು ಆಧರಿಸಿ ‘ವಸಂತಸೇನಾ’ ಎಂಬ ಮೂಕಿ ಚಿತ್ರವನ್ನು ಮಾಡಿದವರೂ ಇದೇ ಭವನಾನಿ. ಅದರಲ್ಲಿ ನಮ್ಮ ಟಿ.ಪಿ. ಕೈಲಾಸಂ ಇದ್ದರು, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರೂ ಇದ್ದರು. 1913ರಲ್ಲಿ ‘ರಾಜಾ ಹರಿಶ್ಚಂದ್ರ’ ಚಿತ್ರದ ತಾರಾಮತಿಯ ಪಾತ್ರಕ್ಕೆ ಹೆಣ್ಣು ಸಿಗದೆ ಫಾಲ್ಕೆಯವರು ಅಣ್ಣಾ ಸಾಳುಂಕೆ ಎಂಬ ಯುವಕನಿಗೆ ಸೀರೆ ಉಡಿಸಬೇಕಾಗಿತ್ತು. ಅದಾಗಿ ಎರಡು ದಶಕ ಕಳೆಯುವ ಮೊದಲೇ ಕಮಲಾದೇವಿಯವರಂತಹ ಸುಶಿಕ್ಷಿತ ಮಹಿಳೆ ಕ್ಯಾಮೆರಾದ ಮುಂದೆ ನಿಂತರು ಎಂಬುದು, ಆ ದಾರಿಯಲ್ಲಿ ಮೊದಲೇ ನಡೆದ ರೂಬಿ ಮೈಯರ್ಸ್ ಅಂಥವರಿಗೂ ಸಲ್ಲಬೇಕಾದ ಗೌರವ.