ಕಡಲೂರಿನ ಕದನವೂ ಹುಳಿಯ ಭ್ರಮೆಯೂ

1783ರ ಜೂನ್ 20. ಅಮೆರಿಕದ ಸ್ವಾತಂತ್ರ್ಯ ಸಮರದ ಬಾಬ್ತು ಇಂಗ್ಲೆಂಡ್ ಮತ್ತು ಫ್ರಾನ್ಸ್ ಜನವರಿಯಲ್ಲೇ ಪ್ರಾಥಮಿಕ ಒಪ್ಪಂದಕ್ಕೆ ರುಜು ಹಾಕಿದ್ದವು. ಸುದ್ದಿ ಮಾತ್ರ ಕೋರಮಂಡಲ ಕರಾವಳಿ ಮುಟ್ಟಿರಲಿಲ್ಲ. ಕಡಲೂರಿನ ಎದುರು ಟಿಪ್ಪುವಿನ ಮಿತ್ರರಾದ ಫ್ರೆಂಚರ ನೌಕಾಧಿಪತಿ ಸಫ್ರೆನ್ 15 ಯುದ್ಧನೌಕೆಗಳನ್ನಿಟ್ಟುಕೊಂಡು ಇಂಗ್ಲಿಷರ ನೌಕಾಧಿಪತಿ ಎಡ್ವರ್ಡ್ ಹ್ಯೂಸ್‌ನ 18 ನೌಕೆಗಳ ಮೇಲೆ ಬಿದ್ದ. ಸುಮಾರು ಮೂರು ತಾಸು ಗುಂಡಿನ ಮಳೆ. ಒಂದು ಹಡಗೂ ಮುಳುಗಲಿಲ್ಲ. ಆದರೂ ಹಿಂದೆ ಸರಿದು ಮದರಾಸಿಗೆ ಹೋದವನು ಹ್ಯೂಸ್. ಹಡಗುಗಳಲ್ಲಿ ಕುಡಿಯುವ ನೀರು ತಳ ಕಂಡಿತ್ತು, ನಾವಿಕರಿಗೆ ಸ್ಕರ್ವಿ ಹಿಡಿದಿತ್ತು. ಸಫ್ರೆನ್‌ಗೂ ಆಳಿನ ಕೊರತೆಯಿತ್ತು. ಆದರೆ ಅವನು ದಡದಲ್ಲಿದ್ದ ಫ್ರೆಂಚ್ ಸೇನಾನಿ ಬುಸ್ಸಿಯ ದಂಡಿನಿಂದ 1200 ಮಂದಿಯನ್ನು ಹತ್ತಿಸಿಕೊಂಡಿದ್ದ.

ಸ್ಕರ್ವಿ ಬರುವುದು ಸಿ ಜೀವಸತ್ವ ಮುಗಿದಾಗ. ಚರ್ಮ, ವಸಡು, ರಕ್ತನಾಳಗಳನ್ನು ಬಿಗಿಹಿಡಿದಿರುವ ಕೊಲಾಜನ್ ಮೂರೆಳೆಯ ಹುರಿಹಗ್ಗದಂತೆ. ಎಳೆಗಳಲ್ಲಿರುವ ಪ್ರೋಲಿನ್ ಎಂಬ ಅಮೈನೋ ಆಮ್ಲಕ್ಕೆ ಒಂದು ಕಿಣ್ವ ಆಮ್ಲಜನಕ ಸೇರಿಸಿದರೆ ಮಾತ್ರ ಹುರಿ ನಿಲ್ಲುತ್ತದೆ. ಕಿಣ್ವದ ಒಡಲಲ್ಲಿರುವ ಕಬ್ಬಿಣದ ಅಯಾನು ಆಗಾಗ ಉತ್ಕರ್ಷಣಗೊಂಡು ಕೆಲಸ ನಿಲ್ಲಿಸುತ್ತದೆ. ಅದಕ್ಕೆ ಎಲೆಕ್ಟ್ರಾನ್ ಕೊಟ್ಟು ಮತ್ತೆ ಎಬ್ಬಿಸುವುದು ಸಿ. ಅದಿಲ್ಲದೆ ತಯಾರಾದ ಕೊಲಾಜನ್ 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಬಿಚ್ಚಿಕೊಳ್ಳುತ್ತದೆ, ನಮ್ಮ ಮೈಯೋ 37 ಡಿಗ್ರಿ! ವಸಡು ಒಸರುತ್ತದೆ, ಹಲ್ಲು ಅಲುಗುತ್ತದೆ, ಎಂದೋ ಮಾಯ್ದ ಗಾಯ ಬಾಯಿ ಬಿಡುತ್ತದೆ. ಗಾಯದ ಕಲೆಯ ಕೊಲಾಜನ್ ಸದಾ ಸವೆಯುತ್ತ, ಹೊಸದಾಗಿ ಕೂಡುತ್ತ ಇರುವುದರಿಂದ ಹೀಗೆ. ಸಿ ಪೂರ್ತಿ ನಿಂತರೆ ಇಷ್ಟಾಗಲು ಎರಡು ಮೂರು ತಿಂಗಳು ಸಾಕು.

ಸಿ ಎಂದರೆ ನೆನಪಾಗುವುದು ನಿಂಬೆ, ಕಿತ್ತಳೆ. ಹಾಗಾದರೆ ಹುಳಿ ತಿಂದರೆ ಆಯಿತಲ್ಲ ಎನ್ನುವವರು ಇಂದಿಗೂ ಇದ್ದಾರೆ. ಆಗಿನ ವೈದ್ಯರೂ ಹೀಗೆಯೇ ಯೋಚಿಸಿ ವಿನೆಗರ್ ಕೊಟ್ಟರು, ನೀರು ಬೆರೆಸಿದ ಗಂಧಕಾಮ್ಲವನ್ನೂ ಕುಡಿಸಿದರು. ಆದರೆ ಹುಳಿಯೇ ಸಿ ಅಲ್ಲ. ಹುಣಸೆಯ ಹುಳಿ ಟಾರ್ಟಾರಿಕ್ ಆಮ್ಲದ್ದು, ಅದರಲ್ಲಿ ಸಿ ಅತ್ಯಲ್ಪ. ಹುಳಿಯೇ ಇಲ್ಲದ ಮಾಗಿದ ಸೀಬೆಯಲ್ಲಿ ನಿಂಬೆಗಿಂತ ಹೆಚ್ಚು.

ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ 1747ರಲ್ಲೇ 12 ರೋಗಿಗಳನ್ನು ಆರು ಜೋಡಿ ಮಾಡಿ ಪರೀಕ್ಷಿಸಿದ್ದ. ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ ತಿಂದ ಜೋಡಿ ಬೇಗ ಚೇತರಿಸಿಕೊಂಡಿತು. ಕೆಟ್ಟದ್ದು ಆಮೇಲೆ: ದೂರ ಸಾಗಿಸಲು ಅನುಕೂಲವೆಂದು ರಸವನ್ನು ಗಂಟೆಗಟ್ಟಲೆ ಕಾಯಿಸಿ ಪಾಕ ಮಾಡಲು ಅವನೇ ಸಲಹೆ ಕೊಟ್ಟ. ಶಾಖಕ್ಕೂ ಗಾಳಿಗೂ ಸಿ ಬಹುಪಾಲು ಹಾಳಾಯಿತು, ಹುಳಿ ಉಳಿಯಿತು.

1794ರಲ್ಲಿ ಬ್ರಿಟಿಷ್ ನೌಕಾಪಡೆಯ ‘ಸಫೊಕ್’ ಹಡಗು ಎಲ್ಲೂ ನಿಲ್ಲದೆ 23 ವಾರ ತೇಲಿ ಅದೇ ಮದರಾಸಿಗೆ ಬಂತು. ಪ್ರತಿ ನಾವಿಕನಿಗೆ ದಿನಕ್ಕೆ ಮುಕ್ಕಾಲು ಔನ್ಸ್‌ಗಿಂತ ತುಸು ಕಡಿಮೆ ನಿಂಬೆರಸ, ಎರಡು ಔನ್ಸ್ ಸಕ್ಕರೆ, ಎರಡನ್ನೂ ರಮ್ಮಿನ ನೀರಿಗೆ ಬೆರೆಸಿ. ಸ್ಕರ್ವಿಯಿಂದ ಯಾರೂ ಸಾಯಲಿಲ್ಲ. ಮರುವರ್ಷ ನೌಕಾಪಡೆ ನಿಂಬೆರಸಕ್ಕೆ ಒಪ್ಪಿಗೆ ಕೊಟ್ಟಿತು. ಗಾಳಿ ತಾಗದಂತೆ ರಸದ ಮೇಲೆ ಆಲಿವ್ ಎಣ್ಣೆಯ ಪದರ ಸುರಿದು ಬಾಟಲಿಗೆ ಬಿರಡೆ ಜಡಿಯುವ ರೂಢಿಯೂ ಬಂತು.