ಬರ್ಮುಡಾ ತಲುಪದ ಆದರ್ಶ

ಕಲ್ಲು, ಮರ, ಮೇಜು ಎಲ್ಲವೂ ಮನಸ್ಸಿಗೆ ಕಾಣುವುದರಿಂದಲೇ ಇವೆ. 1710ರಲ್ಲಿ ಐರ್ಲೆಂಡಿನ ತತ್ವಜ್ಞಾನಿ ಜಾರ್ಜ್ ಬರ್ಕ್ಲಿ ಹೀಗೆಂದು ಪುಸ್ತಕ ಬರೆದಾಗ ಅವನಿಗಿನ್ನೂ 25 ವರ್ಷ. ಹಾಗಾದರೆ ಕೋಣೆಗೆ ಬೀಗ ಹಾಕಿ ಹೋದರೆ ಮೇಜು ಇಲ್ಲವಾಗುತ್ತಾ? ಇಲ್ಲ, ದೇವರು ಸದಾ ನೋಡುತ್ತಿರುತ್ತಾನೆ ಎಂಬುದು ಅವನ ನಂಬಿಕೆ. ಮುಂದೆ ಇಂಗ್ಲಿಷ್ ಸಾಹಿತಿ ಸ್ಯಾಮ್ಯುಯೆಲ್ ಜಾನ್ಸನ್ ದೊಡ್ಡ ಕಲ್ಲೊಂದನ್ನು ಒದ್ದು, ಈ ವಾದ ಸುಳ್ಳು ಅಂದುಬಿಟ್ಟ. ಆದರೆ ಕಾಲಿಗಾದ ನೋವೂ ಮನಸ್ಸಿಗೆ ಬಂದ ಅನುಭವವೇ ಅಲ್ವಾ? ಒಂದು ಒದೆತಕ್ಕೆ ಬೀಳುವ ವಾದ ಅದಲ್ಲ.

ತತ್ವದಲ್ಲಿ ಹೀಗಿದ್ದ ಬರ್ಕ್ಲಿ ಬದುಕಿನಲ್ಲೂ ದೊಡ್ಡ ಕನಸುಗಾರ. ಬರ್ಮುಡಾ ದ್ವೀಪದಲ್ಲಿ ಕಾಲೇಜು ಕಟ್ಟಬೇಕು, ಅಮೆರಿಕದ ವಲಸಿಗರ ಮಕ್ಕಳೂ ಮೂಲನಿವಾಸಿಗಳ ಮಕ್ಕಳೂ ಅಲ್ಲಿ ಓದಬೇಕು ಎಂದು ಹೊರಟ. ಬ್ರಿಟಿಷ್ ಸರ್ಕಾರ 20,000 ಪೌಂಡ್ ಕೊಡುವುದಾಗಿ ಹೇಳಿತ್ತು. 1729ರಲ್ಲಿ ಅಮೆರಿಕದ ರೋಡ್ ಐಲೆಂಡಿನ ನ್ಯೂಪೋರ್ಟಿಗೆ ಬಂದು, ಜಮೀನು ಕೊಂಡು, ಮನೆ ಕಟ್ಟಿ ಕಾದ. ದುಡ್ಡು ಬರಲೇ ಇಲ್ಲ. 1731ರಲ್ಲಿ ವಾಪಸ್ ಹೊರಟ. ಆ ಜಮೀನು, ನೂರಾರು ಪುಸ್ತಕಗಳು ಯೇಲ್ ಕಾಲೇಜಿನ ಪಾಲಾದವು.

ಅವನ ಜೊತೆ ಹಡಗಿನಲ್ಲಿ ಜಾನ್ ಸ್ಮೈಬರ್ಟ್ ಎಂಬ ಚಿತ್ರಕಾರನೂ ಬಂದಿದ್ದ. ಈ ತಂಡದ ದೊಡ್ಡ ಚಿತ್ರವೊಂದನ್ನು ಅವನು ಬರೆದ. ಅದೀಗ ಯೇಲ್‌ನಲ್ಲಿದೆ. ಬಲಗಡೆ ಬರ್ಕ್ಲಿ ನಿಂತಿದ್ದಾನೆ. ಪಕ್ಕದಲ್ಲೇ ಹೆಂಡತಿ ಮಗು ಇದ್ದರೂ ಅವನ ಕಣ್ಣು ಎಲ್ಲರನ್ನೂ ದಾಟಿ ಮೇಲೆಲ್ಲೋ ನೆಟ್ಟಿದೆ. ಮೇಜಿನ ಹತ್ತಿರ ಒಬ್ಬ ಅವನ ಮಾತನ್ನು ಬರೆದುಕೊಳ್ಳುತ್ತಿದ್ದಾನೆ. ಆ ಮನುಷ್ಯ ಈ ಪ್ರಯಾಣಕ್ಕೆ ಬಂದವನೇ ಅಲ್ಲ, ಚಿತ್ರಕ್ಕೆ ಹಣ ಕೊಟ್ಟವನು! ಕಲೆಯಲ್ಲಿ ಆದರ್ಶ ಅಂದರೆ ಇದೇ: ಇದ್ದದ್ದನ್ನಲ್ಲ, ಹೇಗಿರಬೇಕಿತ್ತೋ ಅದನ್ನು ತೋರಿಸುವುದು.

ಆ ಚಿತ್ರದಲ್ಲಿ ಇಲ್ಲದವರೇ ನನ್ನನ್ನು ಜಾಸ್ತಿ ಕಾಡುತ್ತಾರೆ. ನ್ಯೂಪೋರ್ಟಿನಲ್ಲಿ ಬರ್ಕ್ಲಿ ಗುಲಾಮರನ್ನು ಕೊಂಡಿದ್ದ. ಕ್ರೈಸ್ತರಾದ ಮಾತ್ರಕ್ಕೆ ಗುಲಾಮರಿಗೆ ಬಿಡುಗಡೆ ಕೊಡಬೇಕಿಲ್ಲ ಎಂದೂ ವಾದಿಸಿದ. ಕಾಲೇಜಿನ ಯೋಜನೆಯಲ್ಲೇ, ಶತ್ರುಗಳಾದ ಮೂಲನಿವಾಸಿಗಳ ಮಕ್ಕಳನ್ನು ಸೆರೆಹಿಡಿದು ತಂದು ಓದಿಸುವ ಮಾತಿದೆ. ಇದನ್ನು 'ಆ ಕಾಲವೇ ಹಾಗಿತ್ತು' ಎಂದು ಸುಮ್ನೆ ದಾಟಿಬಿಡಲು ನನಗಾಗದು. ಜಗತ್ತಿರುವುದೇ ಮನಸ್ಸಿನ ನೋಟದಲ್ಲಿ ಅಂದವನು ತನ್ನ ಹೊಲದಲ್ಲಿ ದುಡಿಯುವವರ ಮನಸ್ಸನ್ನು ನೋಡಲಿಲ್ಲ.

ಬರ್ಕ್ಲಿ ಓದಿ, ಪಾಠ ಮಾಡಿದ್ದ ಡಬ್ಲಿನ್ನಿನ ಟ್ರಿನಿಟಿ ಕಾಲೇಜು 2023ರಲ್ಲಿ ತನ್ನ ಗ್ರಂಥಾಲಯದಿಂದ ಅವನ ಹೆಸರನ್ನು ತೆಗೆಯಲು ನಿರ್ಧರಿಸಿತು. ಅವನ ಪುಸ್ತಕಗಳನ್ನು ಅಲ್ಲಿ ಇಂದಿಗೂ ಓದುತ್ತಾರೆ.